ಆರಕ್ಕೆ ಆರು

ಇದೆಲ್ಲ ಶುರುವಾಗಿದ್ದು ಒಂದು ಲಗ್ನಪತ್ರಿಕೆಯಿಂದ. ಹೆಂಡತಿಯ ಕಡೆಯ ಮದುವೆ. ಪತ್ರಿಕೆಯಲ್ಲಿ ಅಂಕಿಗಳನ್ನೆಲ್ಲ ಕನ್ನಡದಲ್ಲೇ ಅಚ್ಚು ಹಾಕಿಸಿದ್ದರು. "ನೋಡು, ಅಭಿಮಾನ ಅಂದ್ರೆ ಹೀಗಿರಬೇಕು" ಅಂತ ನಾನು ಭಾಷಣ ಬೇರೆ ಮಾಡಿದೆ. ಆಮೇಲೆ ಅದನ್ನು ಕೈ ಚಾಚಿದಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಮುಹೂರ್ತ ಬೆಳಗ್ಗೆ ೯-೧೫ರಿಂದ ೯-೫೫ ಅಂತ ಓದಿ ಹೇಳಿದೆ. ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ನನ್ನ ಮಾತು ನಂಬಿದಳು.

ಅದು ೬-೧೫ರಿಂದ ೬-೫೫ ಆಗಿತ್ತು.

ನಾವು ಎಂಟೂವರೆಗೆ ಛತ್ರ ಮುಟ್ಟಿ, "ಮುಂಚೆನೇ ಬಂದ್ಬಿಟ್ವಲ್ಲ" ಅಂದುಕೊಂಡು ಒಳಗೆ ಹೋದರೆ ವಾಲಗದವರು ನಾದಸ್ವರವನ್ನು ಚೀಲಕ್ಕೆ ಸೇರಿಸಿ ಗಂಟು ಕಟ್ಟುತ್ತಿದ್ದರು. ಗಂಡು ಹೆಣ್ಣು ಇಬ್ಬರೂ ಬಾಸಿಂಗ ಬಿಚ್ಚಿಟ್ಟು ಇಡ್ಲಿ ತಿನ್ನುತ್ತಿದ್ದರು. ನಾನು ಸಾವಿರದ ಒಂದು ರೂಪಾಯಿಯ ಕವರ್ ವರನ ಕೈಗಿಟ್ಟೆ. ಅವನು ಏನೋ ಹೇಳಲು ಬಾಯಿ ತೆರೆದ. ಬಾಯಲ್ಲಿ ಇಡ್ಲಿ ಇತ್ತು. ನಾನು ಬೆನ್ನು ತಟ್ಟಿ ಕೆಳಗಿಳಿದೆ. ಮಧ್ಯಾಹ್ನ ಊಟ ಮಾತ್ರ ಸರಿಯಾದ ಹೊತ್ತಿಗೆ ಸಿಕ್ಕಿತು.

ಮನೆಗೆ ವಾಪಸ್ ಬರುವಾಗ ಹೆಂಡತಿ ಆಡಿದ್ದು ಒಂದೇ ಮಾತು. "ನಾಳೆ ಕಣ್ಣಿನ ಡಾಕ್ಟ್ರು."

ಸೂಚನೆಗಳೇನೂ ಇರಲಿಲ್ಲ ಅಂತಲ್ಲ. ಎರಡು ವರ್ಷದಿಂದ ಪೇಪರ್ ಓದಲು ನನ್ನ ಕೈ ಉದ್ದ ಸಾಲುತ್ತಿರಲಿಲ್ಲ. ಮಾತ್ರೆ ಪಟ್ಟಿಯ ಮೇಲಿನ ತಾರೀಕು ನೋಡಬೇಕಾದರೆ ಮೊಬೈಲಿನಲ್ಲಿ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ಓದುತ್ತಿದ್ದೆ. ಬೆಳಕು ಸಾಲದು ಅಂತ ಹಾಲ್‌ನ ಬಲ್ಬ್ ಎರಡು ಸಲ ಬದಲಾಯಿಸಿದೆ. ಪೇಪರಿನವರು ಅಕ್ಷರ ಚಿಕ್ಕದು ಮಾಡಿದ್ದಾರೆ ಅಂತ ಬೈದೆ. ನನ್ನ ಕಣ್ಣೊಂದನ್ನು ಬಿಟ್ಟು ಎಲ್ಲರ ಮೇಲೂ ಅನುಮಾನವಿತ್ತು.

ಕ್ಲಿನಿಕ್‌ನಲ್ಲಿ ಮೊದಲು ಒಂದು ಮೆಷಿನ್ ಮುಂದೆ ಕೂರಿಸಿದರು. ಗಲ್ಲ ಇಡು, ಹಣೆ ಒತ್ತು. ಒಳಗೆ ನೋಡಿದರೆ ಉದ್ದನೆಯ ರಸ್ತೆ, ಅದರ ಕೊನೆಯಲ್ಲಿ ಬಣ್ಣದ ಬಲೂನು. ಒಮ್ಮೆ ಮಸುಕಾಗುತ್ತದೆ, ಒಮ್ಮೆ ಸ್ಪಷ್ಟವಾಗುತ್ತದೆ. "ಬಲೂನು!" ಅಂದೆ ಜೋರಾಗಿ. ಯಾರೂ ಕೇಳಿರಲಿಲ್ಲ. ನಾವು ಏನೂ ಹೇಳದೆಯೇ ಆ ಮೆಷಿನ್ನು ಕಣ್ಣಿನ ಪವರ್ ಎಷ್ಟಿರಬಹುದು ಅಂತ ಅಂದಾಜು ಮಾಡುತ್ತದಂತೆ.

ಮುಂದಿನದು ಗಾಳಿ ಮೆಷಿನ್ನು. ಅದರ ವಿಷಯ ಮೊದಲೇ ಯಾರೂ ಹೇಳಬಾರದು, ಹೇಳಿದರೆ ಇನ್ನೂ ಕಷ್ಟ. ಹಸಿರು ಚುಕ್ಕೆ ನೋಡ್ತಾ ಇರಿ ಅಂದರು. ನೋಡುತ್ತಿದ್ದೆ. ಫಟ್ ಅಂತ ಕಣ್ಣಿನ ಗುಡ್ಡೆಗೇ ಗಾಳಿ ಬಡಿಯಿತು. ನಾನು ಕುರ್ಚಿ ಸಮೇತ ಹಿಂದಕ್ಕೆ ಹೋದೆ. ಎರಡನೇ ಸಲ ಗಾಳಿ ಬರುವ ಮೊದಲೇ ಹೋದೆ. ಮೂರನೇ ಸಲ ನರ್ಸಮ್ಮ ಹಿಂದೆ ನಿಂತು ತಲೆ ಹಿಡಿದುಕೊಂಡರು, ಮಕ್ಕಳಿಗೆ ಹರಳೆಣ್ಣೆ ಕುಡಿಸುವಾಗ ಹಿಡಿಯುತ್ತಾರಲ್ಲ, ಹಾಗೆ. ಕಣ್ಣೊಳಗಿನ ಒತ್ತಡ ಅಳೆಯುವುದಕ್ಕೆ ಇಷ್ಟೆಲ್ಲ. ಸಾಮಾನ್ಯವಾಗಿ 10ರಿಂದ 21ರ ಒಳಗಿದ್ದರೆ ಯೋಚನೆ ಇಲ್ಲವಂತೆ. ನನ್ನದು 16. ಮನೆಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ.

ಇನ್ನು ಬೋರ್ಡು ಓದುವುದು. ಇಲ್ಲಿ ನನ್ನ ಹಳೇ ಚಾಳಿಯೊಂದನ್ನು ಹೇಳಬೇಕು. ಯಾವುದಕ್ಕಾದರೂ ಪರೀಕ್ಷೆ ಅಂತ ಹೆಸರಿಟ್ಟರೆ ನನಗೆ ಪಾಸಾಗಲೇಬೇಕು ಅನ್ನಿಸುತ್ತದೆ. ಬಾಗಿಲ ಹೊರಗೆ ಕೂತು, ಒಳಗಿನವರು ಓದುತ್ತಿದ್ದುದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿದೆ. ಎಫ್, ಇ, ಎಲ್, ಓ, ಪಿ, ಝಡ್, ಡಿ. ನನ್ನ ಸರದಿ ಬಂತು. ನನ್ನ ಮಗಳ ವಯಸ್ಸಿನ ಹುಡುಗಿ ಒಂದು ಕಣ್ಣು ಮುಚ್ಚಿಸಿ, "ಕೊನೆಯಿಂದ ಎರಡನೇ ಸಾಲು ಓದಿ ಸಾರ್" ಅಂದಳು. ನಾನು ಆ ಕಡೆ ನೋಡುವ ಮೊದಲೇ ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸಾರ್, ಈಗ ಕನ್ನಡ ಹಾಕಿದ್ದೀನಿ."

ಈಗೆಲ್ಲ ಬೋರ್ಡು ಅಲ್ಲ, ಪರದೆ. ರಿಮೋಟ್ ಒತ್ತಿದರೆ ಅಕ್ಷರ ಬದಲಾಗುತ್ತದೆ. 1862ರಲ್ಲಿ ಹಾಲೆಂಡಿನ ಸ್ನೆಲೆನ್ ಅನ್ನುವ ಡಾಕ್ಟರು ಈ ಬೋರ್ಡು ಮಾಡಿದಾಗ ನನ್ನಂಥವರ ವಿಷಯ ಯೋಚಿಸಿರಲಿಲ್ಲ. ಈ ಹುಡುಗಿಯ ಕಾಲದವರು ಯೋಚಿಸಿದ್ದಾರೆ.

ತಮಾಷೆ ಏನೆಂದರೆ, ನಿಜವಾಗಿ ನೋಡಿದರೆ ನನಗೆ ಎಲ್ಲ ಕಾಣಿಸುತ್ತಿತ್ತು. ರ ಯಾವುದು, ಹೊಟ್ಟೆಯಲ್ಲಿ ಚುಕ್ಕೆ ಇಟ್ಟುಕೊಂಡ ಠ ಯಾವುದು, ಎಲ್ಲ. "ದೂರದ್ದು 6/6 ಇದೆ ಸಾರ್, ಕಾಪಿ ಹೊಡೆಯೋದು ಬೇಕಿರಲಿಲ್ಲ" ಅಂದಳು. ಆರಕ್ಕೆ ಆರು ಮಾರ್ಕ್ಸು ಅಂತ ಬೀಗಿದೆ. ಅದು ಮಾರ್ಕ್ಸ್ ಅಲ್ಲವಂತೆ. ಆರು ಮೀಟರ್ ದೂರದಿಂದ ಕಾಣಬೇಕಾದ ಅಕ್ಷರ ಆರು ಮೀಟರ್‌ನಿಂದಲೇ ಕಂಡಿತು ಅಂತ, ಅಷ್ಟೇ. ಆಮೇಲೆ ಕೈಗೆ ಒಂದು ಚಿಕ್ಕ ಕಾರ್ಡು ಕೊಟ್ಟು ಹತ್ತಿರದಿಂದ ಓದಿ ಅಂದಳು. ಮೇಲಿನ ಮೂರು ಪ್ಯಾರಾ ಓದಿದೆ. ಅದರ ಕೆಳಗೆ ಇದ್ದದ್ದು ನನ್ನ ಪಾಲಿಗೆ ಇರುವೆ ಸಾಲು. ರಾನೂ ಒಂದೇ, ಠಾನೂ ಒಂದೇ.

ಮೂಗಿನ ಮೇಲೆ ಅರ್ಧ ಕೆಜಿ ತೂಗುವಂಥ ಒಂದು ಕಬ್ಬಿಣದ ಕನ್ನಡಕ ಕೂರಿಸಿ, ಟಕ್ ಟಕ್ ಅಂತ ಗಾಜು ಹಾಕಿ ತೆಗೆದು ಮಾಡಿದಳು. "ಇದ್ರಲ್ಲಿ ಚೆನ್ನಾಗಿದೆಯಾ, ಇದ್ರಲ್ಲಾ? ಒಂದಾ, ಎರಡಾ?" ಕೊನೆಕೊನೆಗೆ ಎರಡೂ ಒಂದೇ ಥರ ಕಾಣಿಸುತ್ತಿತ್ತು. ಹಾಗೆ ಹೇಳಿದರೆ ಫೇಲ್ ಆಗ್ತೀನೇನೋ ಅಂತ ಸುಮ್ಸುಮ್ನೆ ಒಂದು, ಎರಡು, ಒಂದು ಅಂತ ಹೇಳುತ್ತಾ ಹೋದೆ. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಹಾಗೆ ತಿರುಗಿಸಿ ತೋರಿಸುವ ಗಾಜಿನಲ್ಲಿ ಎರಡೂ ಒಂದೇ ಥರ ಕಂಡರೆ ಪವರ್ ಸರಿಹೋಯಿತು ಅಂತಲೇ ಅರ್ಥವಂತೆ. ಬಾಯಿಬಿಟ್ಟು ನಿಜ ಹೇಳಿದ್ದರೆ ಹತ್ತು ನಿಮಿಷ ಮೊದಲೇ ಮುಗಿಯುತ್ತಿತ್ತು.

ಡಾಕ್ಟರು ಹೆಂಗಸು, ನಿಧಾನದ ಮಾತು. "ಚಾಳೀಸು ಬಂದಿದೆ, ಅಷ್ಟೇ. ಕಣ್ಣೊಳಗಿನ ಲೆನ್ಸು ವಯಸ್ಸಾದ ಹಾಗೆ ಗಟ್ಟಿಯಾಗುತ್ತೆ, ಹತ್ತಿರದ್ದಕ್ಕೆ ಬಾಗಲ್ಲ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರೋದೇ." ಚಾಳೀಸ್ ಅಂದರೆ ನಲವತ್ತು. ವಯಸ್ಸು ಮುಚ್ಚಿಡೋಣ ಅಂದರೆ ಕಾಯಿಲೆಯ ಹೆಸರಲ್ಲೇ ಹಾಕಿಬಿಟ್ಟಿದ್ದಾರೆ. ಕನ್ನಡಕ ಹಾಕಿದರೆ ನಂಬರು ಏರುತ್ತೆ ಅಂತಾರಲ್ಲ ಅಂದೆ. "ಕನ್ನಡಕ ಹಾಕದಿದ್ರೂ ಏರುತ್ತೆ" ಅಂದರು.

"ಶುಗರ್ ಇದೆಯಾ?"

"ಇಲ್ಲ" ಅಂತ ನಾನು. "ಐದು ವರ್ಷದಿಂದ ಇದೆ" ಅಂತ ಪಕ್ಕದಿಂದ ಹೆಂಡತಿ.

ಡಾಕ್ಟರು ಅವಳು ಹೇಳಿದ್ದನ್ನು ಬರೆದುಕೊಂಡರು. ಶುಗರ್ ಇದ್ದರೆ ಕಣ್ಣಿನ ಹಿಂಭಾಗದ ನರಪರದೆಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು, ಅಲ್ಲಿ ತೊಂದರೆ ಶುರುವಾದರೆ ಮೊದಮೊದಲು ನೋವೂ ಇಲ್ಲ, ಮಂಜೂ ಇಲ್ಲ, ಗೊತ್ತೇ ಆಗಲ್ಲ ಅಂದರು. ಮದುವೆಗಳಲ್ಲಿ ಸಿಹಿ ತಿನ್ನುತ್ತೀರಾ ಅಂತ ಕೇಳಿದರು. "ನಿನ್ನೆ ಎರಡು ಹೋಳಿಗೆ" ಅಂದೆ. ಹೆಂಡತಿ ಅದಕ್ಕೆ ಸುಮ್ಮನಿದ್ದಳು.

ಹೊರಗೆ ಕೂರಿಸಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರು. ಉರಿ. ಕಣ್ಣಿಗೆ ಹಾಕಿದ್ದು ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ. ಬೆಂಚಿನ ಉದ್ದಕ್ಕೂ ಹತ್ತು ಹನ್ನೆರಡು ಜನ ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿ ಕೂತಿದ್ದರು, ಮಠದಲ್ಲಿ ಧ್ಯಾನಕ್ಕೆ ಕೂತ ಹಾಗೆ. ನನ್ನ ಎಡಕ್ಕೆ ಒಬ್ಬರು ಯಜಮಾನರು. ಒಂದು ಕಣ್ಣಿನ ಪೊರೆ ಆಪರೇಷನ್ ಆಗಿ, ಇನ್ನೊಂದನ್ನು ತೋರಿಸಲು ಬಂದಿದ್ದರು. ಒಳಗೇ ಲೆನ್ಸ್ ಇಟ್ಟು ಅವತ್ತೇ ಮನೆಗೆ ಕಳಿಸಿದ್ದರಂತೆ. ಅವರ ತಾಯಿಯದು ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಆಗಿತ್ತಂತೆ, ಊರಿನ ಸ್ಕೂಲಿನಲ್ಲಿ. ಬೀಳಗಿಯಲ್ಲಿ ಹುಟ್ಟಿದ ಆ ಡಾಕ್ಟರು ಊರೂರಿಗೆ ಹೋಗಿ ಪೊರೆ ತೆಗೆದ ಕಥೆ ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಆ ಕಾಲಕ್ಕೆ ಒಳಗೆ ಲೆನ್ಸ್ ಇಡುತ್ತಿರಲಿಲ್ಲ, ದಪ್ಪ ಗಾಜಿನ ಕನ್ನಡಕವೇ ಗತಿ. "ಅಮ್ಮ ಅದನ್ನ ಹಾಕ್ಕೊಂಡ್ರೆ ಕಣ್ಣು ಬದನೆಕಾಯಷ್ಟು ಕಾಣ್ತಿತ್ತು. ಆದ್ರೂ ಅಕ್ಕಿಯಲ್ಲಿ ಕಲ್ಲು ಆರಿಸೋಳು" ಅಂದರು.

ಹೀಗೆ ಕಣ್ಣು ಮುಚ್ಚಿಕೊಂಡೇ ಸ್ನೇಹವಾಯಿತು. ಅವರಿಗೂ ಶುಗರ್ರಂತೆ. ನಡುವೆ ನರ್ಸಮ್ಮ ಬಂದು ಟಾರ್ಚ್ ಬಿಟ್ಟು ನೋಡಿ, "ಇನ್ನೂ ಬಿಟ್ಟಿಲ್ಲ" ಅಂತ ಮತ್ತೆರಡು ಹನಿ ಹಾಕಿ ಹೋದರು. ಯಾರೋ ಎದ್ದ ಸದ್ದು, ಕೂತ ಸದ್ದು. ನಾನು ಎಡಕ್ಕೆ ವಾಲಿ, ದನಿ ತಗ್ಗಿಸಿ ಅಂದೆ:

"ನಿಮ್ಮ ಹತ್ರ ಹೇಳೋಕೇನು ಸಾರ್, ನಮ್ಮ ಮನೆಯವಳು ಎರಡು ಹೋಳಿಗೆ ಅಂತ ತಿಳ್ಕೊಂಡಿದ್ದಾಳೆ. ಅವಳು ಕೈ ತೊಳೆಯೋಕೆ ಹೋದಾಗ ಇನ್ನೆರಡು ಹಾಕಿಸ್ಕೊಂಡೆ."

ಸ್ವಲ್ಪ ಹೊತ್ತು ಮಾತಿಲ್ಲ.

"ತುಪ್ಪ?" ಅಂತ ಕೇಳಿತು ಹೆಂಡತಿಯ ದನಿ.

ಕಣ್ಣು ಬಿಟ್ಟೆ. ಯಜಮಾನರನ್ನು ಒಳಗೆ ಕರೆದಿದ್ದರಂತೆ. ಅವಳು ಬಿಲ್ ಕಟ್ಟಿ ಬಂದು ಅದೇ ಜಾಗದಲ್ಲಿ ಕೂತಿದ್ದಳು. ಪಾಪೆ ಪೂರ್ತಿ ಬಿಟ್ಟಿದ್ದರಿಂದ ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ. ಅದೊಂದು ಪುಣ್ಯ.

ನರಪರದೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ಬನ್ನಿ ಅಂದರು ಡಾಕ್ಟರು. ಗಾಡಿ ಓಡಿಸಬೇಡಿ ಅಂತಲೂ ಅಂದರು. ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಸೂಜಿ. ಸಂಜೆವರೆಗೂ ಹಾಗೇ ಇತ್ತು. ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಆರಿಸು ಅಂದಳು. ಕನ್ನಡಿಯಲ್ಲಿ ನನ್ನ ಮುಖವೇ ಮಂಜು, ಆರಿಸುವುದು ಏನನ್ನ? ಅವಳೇ ಆರಿಸಿದಳು. ನಾಲ್ಕು ದಿನದ ಮೇಲೆ ನೋಡಿದರೆ ನಾನು ನಮ್ಮ ಮಾವನವರ ಹಾಗೇ ಇದ್ದೆ.

ಕನ್ನಡಕ ಬಂದ ದಿನ ಮೊದಲು ಕೈಗೆತ್ತಿಕೊಂಡದ್ದು ಆ ಲಗ್ನಪತ್ರಿಕೆಯನ್ನೇ. ೬ ಅಂದರೆ ೬, ಅನುಮಾನವೇ ಇಲ್ಲ. ಛತ್ರದ ವಿಳಾಸ, ಬಸ್ ನಂಬರು, ಎಲ್ಲ ಮುತ್ತಿನ ಹಾಗೆ. ತೀರಾ ಕೆಳಗೆ, ಅಂಚಿನಲ್ಲಿ ಬಳ್ಳಿ ಅಂತ ನಾನು ತಿಳಿದಿದ್ದೆನಲ್ಲ, ಅದು ಬಳ್ಳಿಯಲ್ಲ, ಒಂದು ಸಾಲು ಬರಹ. ಓದಿದೆ.

"ಉಡುಗೊರೆ, ಮುಯ್ಯಿ ಸ್ವೀಕರಿಸುವುದಿಲ್ಲ."