ಹಾರ್ಟ್‌ಬೀಟ್ 0 ಮಾಡಬೇಡಿ: ಒಂದು ಸ್ಪಷ್ಟನೆ

ಮೈಸೂರಿನ ಐಟಿ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ರ‍್ಯಾಬಿಟ್‌ಎಂಕ್ಯೂ ಕನೆಕ್ಷನ್ ಪದೇ ಪದೇ ಕಟ್ ಆದರೆ ಹಾರ್ಟ್‌ಬೀಟ್ 0 ಮಾಡಿ.’ ಇದು ತಪ್ಪು. ರ‍್ಯಾಬಿಟ್‌ಎಂಕ್ಯೂ ಅಂದರೆ ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್; ಹಾರ್ಟ್‌ಬೀಟ್ ಅಂದರೆ ಕನೆಕ್ಷನ್ ಜೀವಂತ ಇದೆ ಎಂದು ತಿಳಿಸಲು ಎರಡೂ ಕಡೆಯವರು ಆಗಾಗ ಕಳಿಸುವ ಪುಟ್ಟ ಸಂಕೇತ.

0 ಅಂದರೆ ಹಾರ್ಟ್‌ಬೀಟ್ ಆಫ್. ಲಾಗ್‌ನಲ್ಲಿ (ಸಾಫ್ಟ್‌ವೇರ್ ಬರೆದಿಡುವ ದಾಖಲೆಯಲ್ಲಿ) ದೂರು ನಿಲ್ಲಬಹುದು, ತೊಂದರೆ ನಿಲ್ಲುವುದಿಲ್ಲ. ಸುಮ್ನೆ ಕೂತ ಕನೆಕ್ಷನ್ನನ್ನು ನಡುವಿನ ಫೈರ್‌ವಾಲ್ ಸದ್ದಿಲ್ಲದೆ ಕಡಿಯಬಹುದು. ಕನೆಕ್ಷನ್ ಇನ್ನೂ ಇದೆಯೇ ಎಂದು ವಿಚಾರಿಸುವ ಲಿನಕ್ಸ್‌ನ ಸ್ವಂತ ವ್ಯವಸ್ಥೆ, ಟಿಸಿಪಿ ಕೀಪ್‌ಅಲೈವ್, ಆನ್ ಇದ್ದರೂ, ಡೀಫಾಲ್ಟ್‌ನಲ್ಲಿ ಅದು ವಿಚಾರಿಸುವುದು 7200 ಸೆಕೆಂಡ್, ಅಂದರೆ 2 ಗಂಟೆ ಬಿಟ್ಟು!

ರ‍್ಯಾಬಿಟ್‌ಎಂಕ್ಯೂ ಅಧಿಕೃತ ಕೈಪಿಡಿಯ ಪ್ರಕಾರ ಹಾರ್ಟ್‌ಬೀಟ್ ಟೈಮ್‌ಔಟ್‌ನ ಡೀಫಾಲ್ಟ್ 60 ಸೆಕೆಂಡ್. ಬಹುತೇಕ ಕಡೆ 5ರಿಂದ 20 ಸೆಕೆಂಡ್ ಸೂಕ್ತ. ಲಾಗ್‌ನಲ್ಲಿ ‘ಮಿಸ್ಡ್ ಹಾರ್ಟ್‌ಬೀಟ್ಸ್’ ಕಂಡರೆ ನೆಟ್‌ವರ್ಕ್ ಜೊತೆ ನಿಮ್ಮ ಕೋಡನ್ನೂ ನೋಡಿ. ನನ್ನ ಅನುಮಾನ ಜಾಸ್ತಿ ಕೋಡಿನ ಮೇಲೇ. ರ‍್ಯಾಬಿಟ್‌ಎಂಕ್ಯೂ ಜೊತೆ ಮಾತಾಡುವ ಪೈಥಾನ್ ಲೈಬ್ರರಿ ಪಿಕಾದಲ್ಲಿ, ಕನೆಕ್ಷನ್ ಇರುವ ಥ್ರೆಡ್ಡೇ (ಪ್ರೋಗ್ರಾಂನೊಳಗೆ ಕೆಲಸ ನಡೆಸುವ ಒಂದು ಎಳೆ) ದೀರ್ಘ ಕೆಲಸ ಹಿಡಿದರೆ ಹಾರ್ಟ್‌ಬೀಟ್ ಹೋಗುವುದಿಲ್ಲ. ಆ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.