ಶಾಲು ಹೊದಿಸಿದ್ದಾಯಿತು, ಮಾತು ಕೇಳುವುದು ಯಾವಾಗ?

1948ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾದ ದಿನವಾದ ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ನಮ್ಮ ಕಲಬುರಗಿ ಕಡೆ ಮುದುಕರಿಗೆ ಬೇಡಿಕೆ ಬರುತ್ತದೆ. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಕಾಲ ಕಂಡವರನ್ನು ಹುಡುಕಿ ಕರೆತಂದು, ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡು, ಊಟದ ಹೊತ್ತಿಗೆ ಮನೆಗೆ ಬಿಟ್ಟು ಬರುತ್ತಾರೆ. ಅವರು ಕಂಡದ್ದೇನು ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ.

ರಜೆಗೆ ಊರಿಗೆ ಬಂದಾಗ ಇಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಆಳಂದ ಕಡೆಯ ಮುತ್ಯಾ ಒಬ್ಬರು ಮೈಕಿನ ಮುಂದೆ ನಿಂತು, ತಮ್ಮನ್ನೂ ತಂಗಿಯನ್ನೂ ಮನೆಯ ಹಗೇವಿನೊಳಗೆ, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿಯೊಳಗೆ, ಇಳಿಸಿದ ರಾತ್ರಿಯ ಮಾತು ತೆಗೆದರು. ಜೋಳ ತೆಗೆದು ಖಾಲಿಯಾಗಿದ್ದ ಹಗೇವು. ಪೂರ್ತಿ ಮುಚ್ಚಿದರೆ ಮಕ್ಕಳ ಉಸಿರು ಕಟ್ಟುತ್ತದೆಂದು ಅವರ ತಾಯಿ ಬಾಯಿಗೆ ಹಲಗೆಯನ್ನು ಓರೆಯಾಗಿಟ್ಟು, ಮೇಲೆ ಕಣಿಕೆ ಹರಡಿದ್ದರಂತೆ. ಅಷ್ಟು ಹೇಳುವಷ್ಟರಲ್ಲಿ ನಿರೂಪಕರು ತೋಳು ಹಿಡಿದು, "ಮುತ್ಯಾ, ಸಾಹೇಬರಿಗೆ ಹೊತ್ತಾಗುತ್ತದೆ, ಸಾಕು ಮಾಡಿರಿ" ಎಂದರು. ಆ ಹಲಗೆಯನ್ನು ಯಾರು, ಯಾವಾಗ ಸರಿಸಿದರು ಎಂಬುದು ಸಭೆಗೆ ತಿಳಿಯಲೇ ಇಲ್ಲ. ಸಾಹೇಬರ ಭಾಷಣ ಮಾತ್ರ ಮುಕ್ಕಾಲು ಗಂಟೆ ನಡೆಯಿತು.

ನಾನು ಕೆಲಸದ ನಿಮಿತ್ತ ನೆಲೆಸಿರುವುದು ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರ ಅಣುಬಾಂಬನ್ನು ಬದುಕಿ ಉಳಿದು ಕಂಡವರಿಗೂ ಅಲ್ಲಿ ವಯಸ್ಸಾಗಿದೆ. ಹಿರೋಶಿಮಾ, ನಾಗಸಾಕಿ ಎರಡೂ ಕಡೆಯ ಬದುಕಿರುವ ಸಂತ್ರಸ್ತರ ಸಂಖ್ಯೆ 2025ರಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಸರಾಸರಿ ವಯಸ್ಸು 86 ದಾಟಿದೆ. ಇದು ಬರಲಿದೆಯೆಂದು ತಿಳಿದ ನಗರಾಡಳಿತ 2012ರಲ್ಲೇ ಒಂದು ಏರ್ಪಾಡು ಮಾಡಿತು. ಆಸಕ್ತಿಯುಳ್ಳ ನಾಗರಿಕರು ಒಬ್ಬ ಸಾಕ್ಷಿಯ ಜೊತೆ ಕೂತು ಅವರ ಅನುಭವವನ್ನು ಮತ್ತೆ ಮತ್ತೆ ಕೇಳಿ ಬರೆದುಕೊಳ್ಳಬೇಕು, ಬರೆದದ್ದನ್ನು ಆ ಹಿರಿಯರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಅದಾದ ಮೇಲೆ ಸಂಗ್ರಹಾಲಯದಲ್ಲಿ ನಿಂತು ಅವರ ಪರವಾಗಿ ಹೇಳಬೇಕು. ತಯಾರಿಗೆ ವರ್ಷಗಳೇ ಹಿಡಿಯುತ್ತವೆ. ಇಂಥವರನ್ನು ದೆನ್‌ಶೋಷಾ ಎನ್ನುತ್ತಾರೆ. ನಾನು ಕೇಳಿದ ಒಬ್ಬಾಕೆ "ಅವರು ಹೀಗೆ ಹೇಳಿದರು" ಎಂಬ ಎಲ್ಲೆಯನ್ನು ಒಮ್ಮೆಯೂ ದಾಟಲಿಲ್ಲ. ಕಣ್ಣೀರನ್ನು ತನ್ನ ಕಡೆಯಿಂದ ಸೇರಿಸಲೂ ಇಲ್ಲ.

ಜಪಾನಿನವರದ್ದೆಲ್ಲ ಚಿನ್ನ ಎನ್ನುತ್ತಿಲ್ಲ. ಒಪ್ಪಿಗೆ ಪಡೆದ ಮಾತು ಕೆಲವೊಮ್ಮೆ ಅತಿಯಾಗಿ ನಯವಾಗುತ್ತದೆ. ಮುದುಕರು ದಾರಿ ತಪ್ಪಿ ಎಮ್ಮೆಯ ಕಥೆಗೆ ಹೊರಳುವಾಗ ಸಿಗುವ ರುಚಿ ಅದರಲ್ಲಿ ಇರುವುದಿಲ್ಲ. ಇನ್ನೂ ದೊಡ್ಡ ಮಾತೆಂದರೆ, ಅದೇ ಬಾಂಬಿಗೆ ಸತ್ತ ಕೊರಿಯನ್ನರಿಗಾಗಿ 1970ರಲ್ಲಿ ಕಟ್ಟಿದ ಸ್ಮಾರಕ ಶಾಂತಿ ಉದ್ಯಾನದ ಹೊರಗಿತ್ತು, ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ. ಯಾರ ಸಾಕ್ಷ್ಯಕ್ಕೆ ಅಂಗಳದೊಳಗೆ ಜಾಗ ಎಂಬ ತಕರಾರು ಅಲ್ಲಿಯೂ ಇತ್ತು.

ನಮ್ಮಲ್ಲಿ ಆ ತಕರಾರು ಇನ್ನೂ ಬಾಯಿಗೇ ಬಂದಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಸ್ಮಾರಕವಿದೆ, ಇರಲೇಬೇಕು. ಆದರೆ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದು, 17ರಂದು ನಿಜಾಮ ಶರಣಾದ ಮೇಲೆ ನಮ್ಮದೇ ಊರುಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದಕ್ಕೆ ಕಲ್ಲೂ ಇಲ್ಲ, ಮೈಕೂ ಇಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಕಳಿಸಿ, ಬಂದು ನೋಡಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡನ್ನೂ ಹೆಸರಿಸಿತು. ಆ ವರದಿ ಇಡಿಯಾಗಿ ಓದಲು ಸಿಕ್ಕಿದ್ದು 2013ರ ಹೊತ್ತಿಗೆ. ಎರಡೂ ಹೊತ್ತಿನ ನೋವು ಒಂದೇ ಓಣಿಯ ಎದುರುಬದುರು ಮನೆಗಳಲ್ಲಿ ಇರುವಾಗ, ಒಂದು ಬಾಗಿಲು ಮಾತ್ರ ತಟ್ಟಿ ಬಂದವನು ಸಾಕ್ಷ್ಯ ಸಂಗ್ರಹಿಸಿದ ಹಾಗಾಗುವುದಿಲ್ಲ.

ಬರಹದಲ್ಲಿ ಏನೂ ಇಲ್ಲವೇ ಎಂದರೆ ಇದೆ: ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಅರ್ಜಿಗಳು. ಯಾವ ಗಡಿ ಶಿಬಿರ, ಎಷ್ಟು ತಿಂಗಳು, ಯಾವ ಜೈಲು, ಪ್ರಮಾಣೀಕರಿಸಿದವರು ಯಾರು ಎಂಬಷ್ಟು ಅದರಲ್ಲಿ ಸಿಗುತ್ತದೆ. ಶಿಬಿರದವರಿಗೆ ರೊಟ್ಟಿ ಬಡಿದು ಕಳಿಸಿದ ಹೆಂಗಸರಿಗೆ, ಗಂಟುಮೂಟೆ ಹೊತ್ತು ಸೋಲಾಪುರದ ದಾರಿ ಹಿಡಿದ ಮನೆಗಳಿಗೆ ಆ ಫಾರಂನಲ್ಲಿ ಅಂಕಣವಿಲ್ಲ.

ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಮುತ್ಯಾ ಅಥವಾ ಆಯಿ ಎಂದು ಗೊತ್ತು ಮಾಡಿದರೆ, ಒಂದೇ ಬೇಸಿಗೆ ರಜೆಯಲ್ಲಿ ಎಷ್ಟೋ ಕೆಲಸವಾದೀತು. ಕನ್ನಡವಾಗಲಿ, ದಖನಿಯಾಗಲಿ, ಮರಾಠಿಯಾಗಲಿ, ಅವರ ಬಾಯಿಂದ ಬಂದ ಹಾಗೆಯೇ ದಾಖಲಾಗಲಿ. ಒಬ್ಬರ ಮಾತಿಗೆ ಇನ್ನೊಬ್ಬರದು ತಾಳೆಯಾಗದಿದ್ದರೆ ಎರಡನ್ನೂ ಇಡಬೇಕು, ತಿದ್ದಿ ಒಂದು ಮಾಡುವುದು ಬೇಡ. ಸೋಲಾಪುರದಿಂದ ಬಂದ ಸೈನ್ಯ ಹಾದುಹೋದ ರಾಜೇಶ್ವರ, ಹುಮನಾಬಾದ ದಾರಿಯ ಊರುಗಳಿಂದಲೇ ಶುರು ಮಾಡಬಹುದು, ಟ್ಯಾಂಕು ನೋಡಲು ಓಡಿದ ಹುಡುಗರು ಅಲ್ಲಿ ಇನ್ನೂ ಇರಬಹುದು. ಹೋಗುವಾಗ ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಬಾರದು. ಸ್ವಾತಂತ್ರ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ ಅವರೂ ಭಾಷಣವನ್ನೇ ಒಪ್ಪಿಸುತ್ತಾರೆ. ಅವತ್ತು ಮನೆಯಲ್ಲಿ ಒಲೆ ಹೊತ್ತಿತ್ತೇ, ಯಾರು ಯಾರು ಮನೆಯಲ್ಲಿದ್ದರು ಎಂದು ಕೇಳಿ, ಸುಮ್ಮನೆ ಕೂರಬೇಕು.