ಸೊಂಟ ಒಂದೇ, ಮಾತು ಮೂರು

ಇವತ್ತು ಮತ್ತೆ ಆಸ್ಪತ್ರೆಗೆ ಹೋಗಿ ಬಂದೆ. ಬಿಟ್ಟು ಹೋಗದ ನನ್ನ ಸೊಂಟನೋವಿನ ಪುರಾಣ ಮತ್ತೆ ಹಾಡಲ್ಲ. ಮೂಳೆ ಡಾಕ್ಟ್ರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು "ಬಗ್ಗಲೇಬೇಡಿ" ಅಂದರು. ಒಂದು ಮಹಡಿ ಕೆಳಗೆ ಫಿಸಿಯೋ ಹುಡುಗಿ "ಬಗ್ಗದಿದ್ರೆ ಇನ್ನೂ ಬಿಗಿಯಾಗುತ್ತೆ ಆಂಟಿ, ಬಗ್ಗಿ" ಅಂದಳು. ನಿದ್ದೆ ಬರಲ್ಲ ಅಂದಿದ್ದಕ್ಕೆ ಮಾತ್ರೆ ಬರೆದವರು ಮೂರನೆಯವರು. ಮೂವರೂ ಒಂದೇ ಕ್ಯಾಂಟೀನಲ್ಲಿ ಕಾಫಿ ಕುಡಿಯುತ್ತಾರೆ. ಮಾತಾಡುವುದು ಮಾತ್ರ ನನ್ನ ಫೈಲಿನ ಮೂಲಕ. ಆ ಫೈಲು ಹೊರುವವಳು ನಾನು, ಅದೂ ಈ ಸೊಂಟ ಇಟ್ಟುಕೊಂಡು!

ಇಂಥವರನ್ನೆಲ್ಲ ಒಟ್ಟಿಗೆ ಕೂರಿಸಬೇಕು ಅಂತ ಹಿಂದೆಯೇ ಯೋಚಿಸಿದ ಜಾನ್ ಬೋನಿಕಾ ಅಂತ ಒಬ್ಬ ಅರಿವಳಿಕೆ ಡಾಕ್ಟರಿದ್ದರು. ಓದಿನ ಖರ್ಚಿಗೆ ಕುಸ್ತಿ ಆಡಿ ಮೈಯೆಲ್ಲ ನೋವು ಮಾಡಿಕೊಂಡಿದ್ದ ಮನುಷ್ಯ. ಎರಡನೇ ಮಹಾಯುದ್ಧದ ಗಾಯಾಳುಗಳನ್ನು ನೋಡುವಾಗಲೇ ನೋವಿಗೆ ಚಿಕಿತ್ಸೆ ಕೊಡುವುದು ಒಬ್ಬರಿಂದ ಆಗುವ ಕೆಲಸವಲ್ಲ ಅಂತ ಅವರಿಗೆ ಗೊತ್ತಾಗಿತ್ತು. 1960ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಬೇರೆ ಬೇರೆ ವಿಭಾಗದವರನ್ನು ಒಟ್ಟಿಗೆ ಕೂರಿಸಿದರು. ಈಗ ಬ್ರಿಟನ್ನಿನಲ್ಲಿ ಡಾಕ್ಟರು, ಫಿಸಿಯೋ, ಮನಶ್ಶಾಸ್ತ್ರಜ್ಞರು ಸೇರಿ ನೋವಿನವರ ಗುಂಪಿಗೆ ವಾರಗಟ್ಟಲೆ ಕಲಿಸುತ್ತಾರೆ. ನೋವು ಮಾಯ ಮಾಡ್ತೀವಿ ಅನ್ನಲ್ಲ. ನೋವಿದ್ದೂ ಬದುಕು ನಡೆಸುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಮೈ ಹಗುರ ಅನ್ನಿಸಿದ ದಿನ ಅಟ್ಟ ಎಲ್ಲ ಗುಡಿಸಿ, ಮರುದಿನ ಹಾಸಿಗೆ ಹಿಡಿಯುವ ಜಾತಿ ನಮ್ಮದು, ಅಲ್ವಾ? ಅಲ್ಲಿ ಗಡಿಯಾರ ನೋಡಿ ಕೆಲಸ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ನಿಮಿಷ ಚಪಾತಿ ಲಟ್ಟಿಸಿ, ನೋವು ಬರದಿದ್ದರೂ ಕೂತುಕೊಳ್ಳಿ. ಹಿಟ್ಟು ಎಲ್ಲೂ ಓಡಿ ಹೋಗಲ್ಲ.

"ನಮ್ಮ ಜನ ಗುಂಪಲ್ಲಿ ಬಾಯಿ ಬಿಡಲ್ಲ ಕಣೇ" ಅಂತಾನೆ ನನ್ನ ತಮ್ಮ. ಅವನೂ ಡಾಕ್ಟ್ರೇ. ಯಾವ ಲೋಕದಲ್ಲಿದ್ದೀಯೋ? ಇವತ್ತು ನನ್ನ ಟೋಕನ್ ಕೂಗುವಷ್ಟರಲ್ಲಿ ಪಕ್ಕದ ಹೆಂಗಸು ತಮ್ಮ ಮಂಡಿ, ಶುಗರ್, ಸೊಸೆ ಮೂರನ್ನೂ ಹೇಳಿ ಮುಗಿಸಿದ್ದರು. ಗುಂಪು ಆಗಲೇ ಬೆಂಚಿನ ಮೇಲೆ ಕೂತಿದೆ ಮಾರಾಯ, ಕಲಿಸುವವರು ಬಂದಿಲ್ಲ ಅಷ್ಟೆ. ಮೂವರನ್ನೂ ಒಟ್ಟಿಗೆ ಕೂರಿಸಿದರೆ ಮೂರು ಬಿಲ್ಲು ಹಾಕೋದು ಹೇಗೆ ಅನ್ನೋ ಚಿಂತೆ ಆಸ್ಪತ್ರೆಯವರಿಗೆ ಇರಬೇಕು, ಪಾಪ.

"ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅಂತ ಕೇಳಿಸಿಕೊಂಡು ಕೇಳಿಸಿಕೊಂಡು, ಒಂದೊಂದು ರಾತ್ರಿ ನಾನೇ ಸುಮ್ನೆ ನಾಟಕ ಮಾಡುತ್ತಿದ್ದೇನಾ ಅನ್ನಿಸುತ್ತದೆ. ಆ ಹೆಂಗಸು ಮಾತ್ರ ನಾನು ಬೆಂಚಿನಿಂದ ಏಳುವ ರೀತಿ ನೋಡಿಯೇ "ಎಲ್4, ಎಲ್5 ಏನ್ರೀ?" ಅಂದರು. ಸೊಂಟದ ಕೊನೆಯ ಎರಡು ಮೂಳೆಗಳ ಹೆಸರು ಅವು. ಅಳು ಬಂತು ನನಗೆ. ಡಾಕ್ಟ್ರು ತಲೆ ಎತ್ತಿಯೂ ನೋಡಿರಲಿಲ್ಲ.

ಬೆಂಗಳೂರಲ್ಲಿ ಯಾರಾದರೂ ಹೀಗೆ ಗುಂಪಲ್ಲಿ ಕಲಿಸುತ್ತಿದ್ದರೆ ತಿಳಿಸಿ. ಎಣ್ಣೆ, ಬೆಲ್ಟು, ಮ್ಯಾಗ್ನೆಟ್ ಹಾಸಿಗೆ ಮಾರುವವರು ಇನ್‌ಬಾಕ್ಸಿಗೂ ಬರಬೇಡಿ.